ಅಜ್ಜಿಯ ಒಲೆ ಉರಿಯುವ ಹಾಗೆ: ಗೊಂಬೆ ಮನೆಗೆ ಫ್ಲಿಕರ್ ಎಲ್‌ಇಡಿ ಹಾಕುವುದು ಹೇಗೆ

ಮೈಸೂರಿನ ನಮ್ಮ ಮನೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುತ್ತೇವೆ. ಒಂಬತ್ತು ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ಅಮ್ಮ ಕೊಟ್ಟ ಪಟ್ಟದ ಗೊಂಬೆಗಳು. ಮೆಟ್ಟಿಲಿನ ಪಕ್ಕದಲ್ಲಿ ನೆಲದ ಮೇಲೆ ನನ್ನ ಅಜ್ಜಿಯ ತೊಟ್ಟಿ ಮನೆ. ಸನ್‌ಬೋರ್ಡ್ ಅನ್ನುವ ಹಗುರವಾದ ಫೋಮ್ ಹಲಗೆ, ಐಸ್‌ಕ್ರೀಮ್ ಕಡ್ಡಿ, ಜೇಡಿಮಣ್ಣಿನಿಂದ ನಾನೇ ಮಾಡಿದ್ದು. ನಿಜದ ಒಂದು ಅಡಿಗೆ ಇಲ್ಲಿ ಅರ್ಧ ಇಂಚು, ಅಂದರೆ 24ರಲ್ಲಿ ಒಂದು ಪಾಲು. ಐದಡಿಯ ಅಜ್ಜಿ ಇಲ್ಲಿ ಎರಡೂವರೆ ಇಂಚು.

ನನ್ನ ಕೆಲಸ ಬ್ಲೌಸ್ ಹೊಲಿಯುವುದು. ವೈರು, ಬೆಸುಗೆ ಎಲ್ಲ ಕಲಿತದ್ದು ಎಲೆಕ್ಟ್ರಿಷಿಯನ್ ಆಗಿರುವ ತಮ್ಮನಿಂದ. ಮೊದಲ ವರ್ಷ ಅಂಗಡಿಯಿಂದ ಬಿಳಿ ಎಲ್‌ಇಡಿ ಪಟ್ಟಿ ತಂದು ಸೂರಿನ ಕೆಳಗೆ ಉದ್ದಕ್ಕೂ ಅಂಟಿಸಿಬಿಟ್ಟೆ. ಮನೆ ಝಗಮಗ ಅಂತ ಹೊಳೆಯಿತು. ಪಕ್ಕದ ಮನೆಯ ಹುಡುಗಿ ಬಂದು ಸ್ವಲ್ಪ ಹೊತ್ತು ನೋಡಿದಳು. "ಆಂಟಿ, ಇದು ಅಂಗಡೀನಾ?" ಅಂದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಅಜ್ಜಿಯ ಅಡುಗೆ ಮನೆಯಲ್ಲಿ ಕತ್ತಲೆಯೇ ಜಾಸ್ತಿ ಇತ್ತು. ಒಲೆಯ ಮುಂದೆ ಕೂತ ಅಜ್ಜಿಯ ಮುಖದ ಒಂದು ಪಕ್ಕ, ಗೋಡೆಯ ಮೇಲೊಂದು ತಟ್ಟೆಯ ಅಂಚು, ಅಷ್ಟೇ ಕಾಣುತ್ತಿದ್ದುದು. ದೀಪ ಹಾಕುವ ಭರದಲ್ಲಿ ನಾನು ಆ ಕತ್ತಲೆಯನ್ನೇ ತೆಗೆದುಹಾಕಿದ್ದೆ.

ಆಮೇಲೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ತಿದ್ದುತ್ತಾ ಬಂದೆ. ನನಗೆ ಗೊತ್ತಾದ ಮುಖ್ಯ ಮಾತು ಇಷ್ಟು: ಎಲ್‌ಇಡಿ ಕಣ್ಣಿಗೆ ಕಾಣಬಾರದು, ಅದರ ಬೆಳಕು ಬಿದ್ದ ಜಾಗ ಕಾಣಬೇಕು. ಅರಮನೆಯ ದೀಪಾಲಂಕಾರದ ಲೆಕ್ಕ ಬೇರೆ. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬುಗಳು ಕಟ್ಟಡದ ಅಂಚನ್ನೇ ಚುಕ್ಕಿ ಇಟ್ಟು ಬರೆದ ಹಾಗೆ ಕಾಣುತ್ತವೆ. ಅಲ್ಲಿ ಬಲ್ಬೇ ಚಿತ್ರ. ಅಡುಗೆ ಮನೆಗೆ ಅದು ಒಗ್ಗುವುದಿಲ್ಲ.

ಮೊದಲು ನಿಜವಾದ ದೀಪ ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ಸಂಜೆ ಮನೆಯ ಲೈಟ್ ಆರಿಸಿ, ಎಣ್ಣೆ ದೀಪ ಹಚ್ಚಿ ಸುಮ್ನೆ ಕೂತುಕೊಳ್ಳಿ. ಜ್ವಾಲೆಯನ್ನು ನೋಡಬೇಡಿ. ಅದರ ಹಿಂದಿನ ಗೋಡೆ ನೋಡಿ. ಗಾಳಿ ಇಲ್ಲದಾಗ ದೀಪ ಎಷ್ಟೋ ಹೊತ್ತು ಅಲುಗುವುದೇ ಇಲ್ಲ. ಯಾರಾದರೂ ಪಕ್ಕದಲ್ಲಿ ಹಾದುಹೋದರೆ ಒಂದು ಸಲ ಓಲಾಡಿ ಮತ್ತೆ ನೆಟ್ಟಗೆ ನಿಲ್ಲುತ್ತದೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮಿಣುಕುವ ಎಲ್‌ಇಡಿ ಕೈಗೆ ಸಿಕ್ಕ ಕೂಡಲೇ ಎಲ್ಲ ಕಡೆ ಅದನ್ನೇ ಹಾಕುವ ಆಸೆಯಾಗುತ್ತದೆ. ನಾನೂ ಹಾಕಿದ್ದೆ. ಲಾಟೀನಿಗೆ ಗಾಜಿನ ಬುರುಡೆ ಇರುವುದೇ ಗಾಳಿ ತಡೆಯುವುದಕ್ಕೆ, ಅದು ಮಿಣುಕಬಾರದು. ಬುಡ್ಡಿ ದೀಪಕ್ಕೆ ಬುರುಡೆ ಇಲ್ಲ, ಅದು ಓಲಾಡಬೇಕು. ಒಲೆಯಲ್ಲಿ ಎರಡು ಬೆಳಕು: ಅಲುಗದ ಕೆಂಡ, ಕುಣಿಯುವ ಉರಿ. ಇನ್ನು ಹಳ್ಳಿಯ ಸಂಜೆಯ ನಲವತ್ತು ವ್ಯಾಟಿನ ಬಲ್ಬು. ಅದು ಮಿಣುಕುವುದಿಲ್ಲ, ಆದರೆ ವೋಲ್ಟೇಜ್ ಸಾಲದೆ ಕೆಂಪಗೆ ಸೋತಿರುತ್ತದೆ.

ಅಜ್ಜಿಯ ಮನೆಗೆ ನಾನು ಬರೆದುಕೊಂಡ ಪಟ್ಟಿಯಲ್ಲಿ ಏಳು ದೀಪ ಇದ್ದವು. ಅದರಲ್ಲಿ ಮಿಣುಕುವುದು ಎರಡೇ: ಒಲೆ ಮತ್ತು ತುಳಸಿ ಕಟ್ಟೆಯ ಹಣತೆ.

ಏನೇನು ಬೇಕು, ಎಷ್ಟು ಕರೆಂಟು

ಅಂಗಡಿಯಲ್ಲಿ 'ಫ್ಲಿಕರ್ ಎಲ್‌ಇಡಿ' ಅಥವಾ 'ಕ್ಯಾಂಡಲ್ ಎಲ್‌ಇಡಿ' ಅಂತ ಕೇಳಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರಿದ್ದರೆ ಅವರ ಕೈಲಿ ತರಿಸಿ. ಆನ್‌ಲೈನಿನಲ್ಲೂ ಸಿಗುತ್ತದೆ. ಇನ್ನೂ ಸುಲಭದ ದಾರಿ ಇದೆ. ದೀಪಾವಳಿ ಹೊತ್ತಿಗೆ ಬರುವ ಪ್ಲಾಸ್ಟಿಕ್ಕಿನ ಬ್ಯಾಟರಿ ದೀಪ ಇದೆಯಲ್ಲ, ಮಿಣುಕುವಂಥದ್ದು, ಅದನ್ನು ಬಿಚ್ಚಿ. ಹೆಚ್ಚಿನವುಗಳ ಒಳಗೆ ಇದೇ ಎಲ್‌ಇಡಿ ಇರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಬುರುಡೆಯ ಒಳಗೆ ಕಪ್ಪಗೆ ಒಂದು ಚಿಕ್ಕ ಚೌಕ ಕಾಣುತ್ತದೆ. ಕರೆಂಟನ್ನು ಹೆಚ್ಚು ಕಮ್ಮಿ ಮಾಡುವ ಚಿಪ್ ಅದು.

ಚಿಕ್ಕ ದೀಪಗಳಿಗೆ 0603 ಅಳತೆಯ ಎಲ್‌ಇಡಿ ಬೇಕು. ಉದ್ದ 1.6 ಮಿ.ಮೀ., ಅಗಲ 0.8 ಮಿ.ಮೀ. ಸಾಸಿವೆ ಕಾಳಿನಷ್ಟು. ಕೂದಲಿನಂಥ ವೈರು ಬೆಸೆದೇ ಇರುವುದನ್ನು ತೆಗೆದುಕೊಳ್ಳಿ. ಬರೀ ಎಲ್‌ಇಡಿ ತಂದು ಬೆಸೆಯುತ್ತೇನೆ ಅಂತ ಕೂತರೆ ಕಣ್ಣು ಹೋಗುತ್ತದೆ. ಸೂಜಿಗೆ ದಾರ ಪೋಣಿಸಿ ಮೂವತ್ತು ವರ್ಷ ಕಳೆದವಳು ಹೇಳುತ್ತಿದ್ದೇನೆ, ಆ ಹಣ ಕೊಟ್ಟುಬಿಡುವುದೇ ವಾಸಿ. ವೈರನ್ನು ಹೊಲಿಗೆ ಮಿಷನ್ನಿನ ಬಾಬಿನ್‌ಗೆ ಸುತ್ತಿಟ್ಟರೆ ಸಿಕ್ಕಾಗುವುದಿಲ್ಲ.

ಕರೆಂಟಿಗೆ ಹಳೆಯ 5 ವೋಲ್ಟಿನ ಮೊಬೈಲ್ ಚಾರ್ಜರ್ ಸಾಕು. ಹಳೆಯ ಕೇಬಲ್ ಕತ್ತರಿಸಿದರೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಆದರೂ ಒಂದು ಸಲ ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿ. ಪವರ್ ಬ್ಯಾಂಕ್ ಬೇಡ. ನಾನು ಒಂದು ವರ್ಷ ಅದನ್ನೇ ಇಟ್ಟೆ, ಅರ್ಧ ನಿಮಿಷಕ್ಕೊಮ್ಮೆ ಮನೆಯೆಲ್ಲ ಕತ್ತಲಾಗುತ್ತಿತ್ತು. ನಮ್ಮ ಪುಟ್ಟ ದೀಪಗಳು ಎಳೆಯುವ ಕರೆಂಟು ತುಂಬಾ ಕಮ್ಮಿ. ಅದನ್ನು ನೋಡಿ ಪವರ್ ಬ್ಯಾಂಕ್ ಏನೂ ಸಿಕ್ಕಿಸಿಲ್ಲ ಅಂದುಕೊಂಡು ತಾನೇ ಆಫ್ ಆಗುತ್ತದೆ. ಗುಂಡಿಯಂಥ ಬ್ಯಾಟರಿ ಸೆಲ್ ಕೂಡ ಬೇಡ. ಗೊಂಬೆ ನೋಡಲು ಚಿಕ್ಕ ಮಕ್ಕಳು ಬರುತ್ತಾರೆ. ಅದನ್ನು ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ, ಪ್ರಾಣಕ್ಕೇ ಅಪಾಯ. ಬ್ಯಾಟರಿ ದೀಪ ಬಿಚ್ಚಿದಾಗ ಸಿಕ್ಕ ಸೆಲ್‌ಗಳನ್ನೂ ಆಗಲೇ ಮೇಲೆತ್ತಿಡಿ.

ಈಗ ಲೆಕ್ಕ. ಪ್ರತಿ ಎಲ್‌ಇಡಿಗೂ ಅದರದ್ದೇ ಒಂದು ರೆಸಿಸ್ಟರ್ ಬೇಕು, ಅಂದರೆ ಕರೆಂಟನ್ನು ತಡೆದು ಕಮ್ಮಿ ಮಾಡುವ ಪುಟ್ಟ ಬಿಡಿಭಾಗ. ಅದು ತಡೆಯುವ ಅಳತೆಯೇ ಓಮ್, ಸಾವಿರ ಓಮ್ ಅಂದರೆ ಒಂದು ಕಿಲೋ ಓಮ್. ನಾಲ್ಕಕ್ಕೆ ಸೇರಿ ಒಂದು ಹಾಕಿದರೆ ಒಂದು ಜಾಸ್ತಿ ಉರಿದು ಇನ್ನೊಂದು ಮಂಕಾಗುತ್ತದೆ. ಚಾರ್ಜರಿನ 5 ವೋಲ್ಟಿನಲ್ಲಿ ಎಲ್‌ಇಡಿ ತಿನ್ನುವ ವೋಲ್ಟನ್ನು ಕಳೆಯಿರಿ. ಕೆಂಪು, ಹಳದಿ ಸುಮಾರು 2 ವೋಲ್ಟ್ ತಿನ್ನುತ್ತವೆ. ಬಿಳಿ, ನೀಲಿ ಸುಮಾರು 3. ಉಳಿದದ್ದನ್ನು ರೆಸಿಸ್ಟರಿನ ಕಿಲೋ ಓಮ್‌ನಿಂದ ಭಾಗಿಸಿದರೆ ಹರಿಯುವ ಕರೆಂಟು ಮಿಲಿಆಂಪಿಯರ್ ಲೆಕ್ಕದಲ್ಲಿ ಸಿಗುತ್ತದೆ. ಬಿಳಿ ಎಲ್‌ಇಡಿಗೆ 1 ಕಿಲೋ ಓಮ್ ಹಾಕಿದರೆ 2 ಮಿಲಿಆಂಪಿಯರ್. 2.2 ಕಿಲೋ ಓಮ್ ಹಾಕಿದರೆ ಸುಮಾರು 0.9.

ಎಲ್‌ಇಡಿ ಪೊಟ್ಟಣದ ಮೇಲೆ 20 ಮಿಲಿಆಂಪಿಯರ್ ಅಂತ ಬರೆದಿರುತ್ತದೆ. ಅದು ತಡೆಯುವ ಮಿತಿ. ನಮಗೆ ಅಷ್ಟು ಬೇಡವೇ ಬೇಡ. ನನ್ನ ಮನೆಯ ದೀಪಗಳಲ್ಲಿ ಹೆಚ್ಚಿನವು 1 ಮಿಲಿಆಂಪಿಯರ್ ಆಸುಪಾಸಿನಲ್ಲೇ ಇವೆ. ಕೋಣೆಯ ದೊಡ್ಡ ಲೈಟ್ ಹಾಕಿರುವಾಗ ನೋಡಿದರೆ 'ಅಯ್ಯೋ, ಸಾಲದು' ಅನ್ನಿಸುತ್ತದೆ. ಲೈಟ್ ಆರಿಸಿ ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲಿ, ಆಮೇಲೆ ತೀರ್ಮಾನ ಮಾಡಿ.

ಎಲ್‌ಇಡಿಯ ಎರಡು ಕಾಲುಗಳಲ್ಲಿ ಉದ್ದದ್ದು ಪ್ಲಸ್. ಕಾಲು ಕತ್ತರಿಸಿದ್ದರೆ ಬುರುಡೆಯ ಅಂಚು ಚಪ್ಪಟೆ ಇರುವ ಕಡೆ ಮೈನಸ್. ಬೆಸೆಯುವಾಗ ಐರನ್ ಮೂರು ಸೆಕೆಂಡಿಗಿಂತ ಜಾಸ್ತಿ ತಾಗಬಾರದು. ಮೊದಲು ಬ್ರೆಡ್‌ಬೋರ್ಡ್ ಅನ್ನುವ ತೂತುಗಳಿರುವ ಹಲಗೆಯ ಮೇಲೆ ಎಲ್ಲ ಚುಚ್ಚಿ ಉರಿಸಿ ನೋಡಿ, ಆಮೇಲೆ ಬೆಸುಗೆ. ನಮ್ಮಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುತ್ತೇವಲ್ಲ, ಹಾಗೆ.

ಒಲೆ

ನಾನು ಅತಿ ಜಾಸ್ತಿ ಸಮಯ ಕೊಟ್ಟದ್ದು ಒಲೆಗೆ. ಜೇಡಿಮಣ್ಣಿನ ಒಲೆ, ಮುಕ್ಕಾಲು ಇಂಚು ಅಗಲ, ಮೂರು ಗುಂಡು. ಹಿಂಭಾಗ ಪೂರ್ತಿ ತೆರೆದಿಟ್ಟು ಗೋಡೆಗೆ ಒತ್ತಿ ನಿಲ್ಲಿಸಿದ್ದೇನೆ. ವೈರೆಲ್ಲ ಅಲ್ಲಿಂದಲೇ ಕೆಳಗೆ ಹೋಗುತ್ತದೆ.

ಮೊದಲು ಕೆಂಡ. ಬಿಸಿ ಅಂಟಿನ ಗನ್ನಿನಿಂದ ಬಟರ್ ಪೇಪರ್ ಮೇಲೆ ಸಣ್ಣ ಹನಿಗಳನ್ನು ಹಾಕಿ. ಆರಿದ ಮೇಲೆ ಕತ್ತರಿಯಿಂದ ಒರಟೊರಟಾಗಿ ತುಂಡು ಮಾಡಿ. ಗ್ಲಾಸ್ ಪೇಂಟಿಂಗ್ ಬಣ್ಣದಲ್ಲಿ ಕಿತ್ತಳೆ, ಕೆಂಪು ಬೆರೆಸಿ ಬಳಿಯಿರಿ. ಒಣಗಿದ ಮೇಲೆ ಬೆರಳ ತುದಿಗೆ ಕಾಡಿಗೆ ಹಚ್ಚಿಕೊಂಡು ಮೇಲ್ಮೈಗೆ ಮಾತ್ರ ಮೆತ್ತಗೆ ಸವರಿ. ಉಬ್ಬು ಕಪ್ಪಗಾಗುತ್ತದೆ, ಸಂದು ಕೆಂಪಗೆ ಉಳಿಯುತ್ತದೆ. ಇದರ ಕೆಳಗೆ 3 ಮಿ.ಮೀ. ಕೆಂಪು ಎಲ್‌ಇಡಿ ಒಂದು, 4.7 ಕಿಲೋ ಓಮ್ ರೆಸಿಸ್ಟರ್ ಜೊತೆ. ಇದು ಸಾಮಾನ್ಯ ಎಲ್‌ಇಡಿ, ಮಿಣುಕುವುದಿಲ್ಲ. ಬೆಳಕು ಸಂದುಗಳಲ್ಲಿ ಮಾತ್ರ ಹೊರಗೆ ಬರುತ್ತದೆ.

ಆಮೇಲೆ ಉರಿ. ಇದಕ್ಕೆ ಹಳದಿ ಫ್ಲಿಕರ್ ಎಲ್‌ಇಡಿ ಎರಡು ಬೇಕು. ಒಂದೇ ಹಾಕಿದರೆ ಇಡೀ ಅಡುಗೆ ಮನೆ ಒಟ್ಟಿಗೆ ಹೊಳೆದು ಒಟ್ಟಿಗೆ ಮಂಕಾಗುತ್ತದೆ, ಕೆಟ್ಟ ಟ್ಯೂಬ್‌ಲೈಟಿನ ಹಾಗೆ. ಎರಡನ್ನು ಅರ್ಧ ಇಂಚು ಅಂತರದಲ್ಲಿಟ್ಟರೆ ಎರಡೂ ತಮ್ಮ ಪಾಡಿಗೆ ತಾವು ಮಿಣುಕುತ್ತವೆ, ತಾಳ ಕೂಡುವುದಿಲ್ಲ. ಎಡದ್ದು ಜೋರಾದಾಗ ಅಜ್ಜಿಯ ನೆರಳು ಬಲಕ್ಕೆ ವಾಲುತ್ತದೆ, ಬಲದ್ದು ಜೋರಾದಾಗ ಎಡಕ್ಕೆ. ಗೊಂಬೆ ಅಲುಗುವುದಿಲ್ಲ, ನೆರಳು ಅಲುಗುತ್ತದೆ. ನೋಡುವವರಿಗೆ ಅಜ್ಜಿಯೇ ಊದುಕೊಳವೆ ಹಿಡಿದು ಸ್ವಲ್ಪ ಬಗ್ಗಿದ ಹಾಗೆ ಕಾಣುತ್ತದೆ. ಇದನ್ನು ಮೊದಲ ಸಲ ನೋಡಿದ ರಾತ್ರಿ ನಾನು ಕೆಲಸ ನಿಲ್ಲಿಸಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಎರಡರ ಮುಖವನ್ನೂ ಹಿಂದಿನ ಗೋಡೆಯ ಕಡೆ ಬಗ್ಗಿಸಿ, ನೋಡುವವರ ಕಡೆ ಅಲ್ಲ. ಮುಂದೆ ಎರಡು ಮೂರು ಸೌದೆ ಅಡ್ಡ ಇಡಿ. ನುಗ್ಗೆ ಮರದ ಒಣ ಕಡ್ಡಿ ನನಗೆ ಚೆನ್ನಾಗಿ ಒದಗಿದೆ. ಎಲ್‌ಇಡಿಯ ಗುಂಡಗಿನ ತಲೆಯನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ಮಸುಕು ಮಾಡಿ. ಇಲ್ಲದಿದ್ದರೆ ಟಾರ್ಚ್ ಬಿಟ್ಟ ಹಾಗೆ ಗೋಡೆಯ ಮೇಲೆ ಒಂದು ವೃತ್ತ ಬೀಳುತ್ತದೆ.

ಫ್ಲಿಕರ್ ಎಲ್‌ಇಡಿಗೆ ನಾನು 220 ಓಮ್ ಹಾಕಿದ್ದೇನೆ. ಬೆಳಕು ಕಮ್ಮಿ ಮಾಡೋಣ ಅಂತ ದೊಡ್ಡ ರೆಸಿಸ್ಟರ್ ಹಾಕಿದಾಗ ಕೆಲವು ಮಿಣುಕುವುದನ್ನೇ ನಿಲ್ಲಿಸಿದವು. ಒಳಗಿನ ಚಿಪ್ಪಿಗೂ ಸ್ವಲ್ಪ ಕರೆಂಟು ಬೇಕಲ್ವಾ? ಇವನ್ನು ಮಂಕು ಮಾಡಬೇಕಾದರೆ ತಲೆಗೆ ಕಿತ್ತಳೆ ಗ್ಲಾಸ್ ಬಣ್ಣ ಇನ್ನೊಂದು ಪದರ ಬಳಿಯಿರಿ.

ಗೋಡೆಯ ಬಗ್ಗೆ ಒಂದು ಮಾತು. ಅಜ್ಜಿಯ ಅಡುಗೆ ಮನೆ ಮಸಿ ಹಿಡಿದಿತ್ತು ಅಂತ ನಾನು ಗೋಡೆಯಿಡೀ ಕಪ್ಪು ಬಳಿದಿದ್ದೆ. ಕಪ್ಪು ಗೋಡೆ ಬೆಳಕನ್ನೆಲ್ಲ ನುಂಗಿಬಿಟ್ಟಿತು. ಈಗ ಒಲೆಯಿಂದ ಮೂರು ಇಂಚು ಎತ್ತರದವರೆಗೆ ಕೆಮ್ಮಣ್ಣಿನ ಬಣ್ಣ, ಅದರ ಮೇಲೆ ನಿಧಾನವಾಗಿ ಮಸಿ. ಉರಿ ಆ ಕೆಂಪಿನ ಮೇಲೆ ಆಡುತ್ತದೆ. ಪಕ್ಕದಲ್ಲಿ ಬ್ಲೌಸಿನ ಎರಡು ಹಿತ್ತಾಳೆ ಗುಂಡಿಗಳನ್ನು ತಟ್ಟೆಯ ಹಾಗೆ ಒರಗಿಸಿಟ್ಟಿದ್ದೇನೆ. ಅವುಗಳ ಅಂಚಿನಲ್ಲಿ ಮಿಂಚು ಬಂದು ಹೋಗುತ್ತದೆ. ಬಂದವರೆಲ್ಲ ಮೊದಲು ತೋರಿಸುವುದು ಅದನ್ನೇ.

ಹಣತೆ, ಲಾಟೀನು, ಸೋತ ಬಲ್ಬು

ತುಳಸಿ ಕಟ್ಟೆಯ ಹಣತೆ ಇರುವುದೇ 3 ಮಿ.ಮೀ., ಹಾಗಾಗಿ ಫ್ಲಿಕರ್ ಎಲ್‌ಇಡಿ ಅದರಲ್ಲಿ ಕೂರುವುದಿಲ್ಲ. ಅದಕ್ಕೆ ತಮ್ಮ ಒಂದು ಉಪಾಯ ಹೇಳಿಕೊಟ್ಟ. ಫ್ಲಿಕರ್ ಎಲ್‌ಇಡಿಯನ್ನು ಹಲಗೆಯ ಕೆಳಗೆ ಕಪ್ಪು ಟೇಪ್ ಸುತ್ತಿ ಬಚ್ಚಿಡಿ. ಅದರ ಸಾಲಿನಲ್ಲೇ, ಅಂದರೆ ಅದರ ಮೈನಸ್ ಇದರ ಪ್ಲಸ್‌ಗೆ ಬರುವ ಹಾಗೆ, 0603 ಹಳದಿ ಎಲ್‌ಇಡಿ ಸೇರಿಸಿ ಹಣತೆಯಲ್ಲಿ ಕೂರಿಸಿ. ಒಂದೇ ಕರೆಂಟು ಎರಡರಲ್ಲೂ ಹರಿಯುತ್ತದೆ. ಕೆಳಗಿನದು ಮಿಣುಕಿದರೆ ಮೇಲಿನದೂ ಮಿಣುಕುತ್ತದೆ. ಇಲ್ಲಿ ರೆಸಿಸ್ಟರ್ 100 ಓಮ್ ಸಾಕು. ಮೇಲಿನದು ಹಳದಿ ಅಥವಾ ಕೆಂಪೇ ಆಗಿರಬೇಕು. ಬಿಳಿ ಹಾಕಿದರೆ 5 ವೋಲ್ಟ್ ಎರಡಕ್ಕೂ ಸಾಲುವುದಿಲ್ಲ.

ಹಣತೆಯ ಎಲ್‌ಇಡಿ ಮೇಲೆ ಬಿಸಿ ಅಂಟಿನ ಒಂದು ಚಿಕ್ಕ ಹನಿ ಬಿಡಿ. ಅದು ಗಟ್ಟಿಯಾಗುವ ಮೊದಲು ಸೂಜಿಯ ಮೊನೆಯಿಂದ ಮೇಲಕ್ಕೆ ಎಳೆಯಿರಿ. ಜ್ವಾಲೆಯ ಆಕಾರ ತಾನಾಗಿ ಬರುತ್ತದೆ.

ಲಾಟೀನಿಗೆ ವಾರ್ಮ್ ವೈಟ್, ಅಂದರೆ ಹಳದಿ ಛಾಯೆಯ ಬಿಳಿ 0603, 2.2 ಕಿಲೋ ಓಮ್, ಮೇಲೆ ಹಳದಿ ಗ್ಲಾಸ್ ಬಣ್ಣ. ಬಣ್ಣ ಬೇಕೇ ಬೇಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಮ್ಮಿಯಾದಷ್ಟೂ ಕೆಂಪು ಜಾಸ್ತಿ. ವಾರ್ಮ್ ವೈಟ್ ಅಂತ ಮಾರುವುದು ಸುಮಾರು 2,700ರಿಂದ 3,000 ಕೆಲ್ವಿನ್. ಎಣ್ಣೆ, ಮೇಣದ ಜ್ವಾಲೆ 1,900 ಕೆಲ್ವಿನ್ ಹತ್ತಿರ, ಅದಕ್ಕಿಂತ ತುಂಬಾ ಕೆಂಪು. ಪಡಸಾಲೆಯ ಬಲ್ಬಿಗೆ ಅದೇ ಎಲ್‌ಇಡಿ, 4.7 ಕಿಲೋ ಓಮ್, ಕಿತ್ತಳೆ ಬಣ್ಣ. ಬೀದಿಯ ಕಂಬಕ್ಕೆ ಖಾಲಿ ಪೆನ್ನಿನ ರೀಫಿಲ್ ಹಿಡಿಸಿ, ವೈರು ಅದರೊಳಗೇ ಇಳಿಯುತ್ತದೆ.

ಅಂಗಡಿಯ ಟ್ಯೂಬ್‌ಲೈಟ್

ಅಜ್ಜಿಯ ಮನೆ ಎದುರಿಗೆ ಒಂದು ಶೆಟ್ಟರ ಅಂಗಡಿ ಇತ್ತು. ಸಂಜೆ ಅಲ್ಲಿ ಟ್ಯೂಬ್‌ಲೈಟ್ ಹತ್ತುವುದನ್ನು ನೋಡಲು ನಾವು ಮಕ್ಕಳು ಜಗುಲಿಯಲ್ಲಿ ಕಾಯುತ್ತಿದ್ದೆವು. ಚೋಕ್, ಸ್ಟಾರ್ಟರ್ ಇದ್ದ ಕಾಲ. ಸ್ವಿಚ್ ಹಾಕಿದರೆ ಮೊದಲು ಎರಡು ತುದಿ ಕೆಂಪಗಾಗುತ್ತಿದ್ದವು. ಆಮೇಲೆ ಪಕ್ ಅಂತ ಒಂದು ಸಲ, ಕತ್ತಲೆ, ಮತ್ತೆ ಪಕ್ ಪಕ್, ಕೊನೆಗೆ ಪೂರ್ತಿ ಬೆಳಕು. ಈಗಿನ ಮಕ್ಕಳು ಇದನ್ನು ನೋಡಿಯೇ ಇಲ್ಲ. ಅದಕ್ಕೇ ಮಾಡಲೇಬೇಕು ಅನ್ನಿಸಿತು.

ಇದಕ್ಕೆ ಫ್ಲಿಕರ್ ಎಲ್‌ಇಡಿ ಸಾಲದು, ಆರ್ಡುಯಿನೊ ನ್ಯಾನೊ ಬೋರ್ಡ್ ಬೇಕು, ಅಂದರೆ ನಾವು ಬರೆದ ಪ್ರೋಗ್ರಾಮಿನ ಹಾಗೆ ದೀಪ ಹಚ್ಚಿ ಆರಿಸುವ ಪುಟ್ಟ ಬೋರ್ಡ್. ನಾಲ್ಕಡಿಯ ಟ್ಯೂಬ್ ನಮ್ಮ ಅಳತೆಯಲ್ಲಿ ಎರಡು ಇಂಚು. ಅಷ್ಟುದ್ದದ ರಟ್ಟಿನ ಪಟ್ಟಿಯ ಮೇಲೆ ಕೂಲ್ ವೈಟ್, ಅಂದರೆ ನೀಲಿ ಛಾಯೆಯ ಬಿಳಿ 0603 ಮೂರು, ಎರಡು ತುದಿಗೆ ಕಿತ್ತಳೆ ಒಂದೊಂದು. ಮೇಲೆ ಬಟರ್ ಪೇಪರನ್ನು ಅರ್ಧ ಕೊಳವೆಯ ಹಾಗೆ ಬಾಗಿಸಿ ಅಂಟಿಸಿ. ಮೂರು ಬಿಳಿಗೂ ತಲಾ 1 ಕಿಲೋ ಓಮ್ ಹಾಕಿ ಬೋರ್ಡಿನ ಒಂದು ಪಿನ್ನಿಗೆ ಕೊಡಿ. ಎರಡು ಕಿತ್ತಳೆಗೂ ತಲಾ 2.2 ಕಿಲೋ ಓಮ್ ಹಾಕಿ ಇನ್ನೊಂದು ಪಿನ್ನಿಗೆ.

ಪ್ರೋಗ್ರಾಮಿನಲ್ಲಿ ಬರೆಯಬೇಕಾದ ಕ್ರಮ ಹೀಗೆ. ತುದಿಗಳು ಮುಕ್ಕಾಲು ಸೆಕೆಂಡ್ ಹತ್ತಿರಲಿ. ಬಿಳಿ 40 ಮಿಲಿಸೆಕೆಂಡ್ ಹತ್ತಿ ಆರಲಿ. 600 ಮಿಲಿಸೆಕೆಂಡ್ ಸುಮ್ಮನಿರಲಿ. ಬಿಳಿ ಮತ್ತೆ 60 ಹತ್ತಿ, 150 ಆರಿ, 40 ಹತ್ತಿ ಆರಲಿ. ಈಗ ಪೂರ್ತಿ ಒಂದು ಸೆಕೆಂಡ್ ಕಾಯಲಿ. ಆಮೇಲೆ ಬಿಳಿ ಹತ್ತಿ ಹಾಗೇ ನಿಲ್ಲಲಿ, ತುದಿಗಳು ಆರಲಿ. ಆ ಒಂದು ಸೆಕೆಂಡಿನ ಕಾಯುವಿಕೆಯನ್ನು ಬಿಡಬೇಡಿ. 'ಈ ಸಲ ಹತ್ತಲ್ಲ' ಅಂತ ಅನ್ನಿಸುವುದು ಅಲ್ಲೇ. ಪ್ರತಿ ಸಲ ಅಂಕಿಗಳು ಸ್ವಲ್ಪ ಬದಲಾಗುವ ಹಾಗೆ ರ‍್ಯಾಂಡಮ್ ಸೇರಿಸಿದರೆ ಇನ್ನೂ ಚೆನ್ನ.

ಬೆಳಕು ಸೋರಬಾರದು

ಇದನ್ನು ಬಣ್ಣ ಬಳಿಯುವ ಮೊದಲೇ ಮಾಡಿ. ಸನ್‌ಬೋರ್ಡ್ ಗೋಡೆಯೊಳಗೆ ದೀಪ ಇಟ್ಟರೆ ಗೋಡೆಯೇ ಲಾಂದ್ರದ ಹಾಗೆ ಹೊಳೆಯುತ್ತದೆ. ಒಳಗಡೆ ಎರಡು ಪದರ ಕಪ್ಪು ಬಣ್ಣ, ಅದರ ಮೇಲೆ ನಿಮಗೆ ಬೇಕಾದ ಬಣ್ಣ. ಗೋಡೆ ಸೇರುವ ಮೂಲೆಗಳಿಗೆ ಒಳಗಿಂದ ಕಪ್ಪು ಬಟ್ಟೆಯ ಸಣ್ಣ ಪಟ್ಟಿ ಅಂಟಿಸಿ. ಹೆಂಚಿನ ಕೆಳಗೂ ನೋಡಿ, ನನ್ನ ಮನೆಯಲ್ಲಿ ಜಾಸ್ತಿ ಸೋರಿದ್ದು ಅಲ್ಲೇ. ಎಲ್‌ಇಡಿ ಹತ್ತಿರ ಫೆವಿಕ್ವಿಕ್ ಬಳಸಬೇಡಿ, ಅದರ ಆವಿಗೆ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರುತ್ತದೆ.

ಇನ್ನೊಂದು ದೀಪ ಉಳಿಯಿತು, ಬೆಳದಿಂಗಳು. ತೊಟ್ಟಿಯ ಮೇಲೆ ಎರಡಡಿ ಎತ್ತರದಲ್ಲಿ ಕೂಲ್ ವೈಟ್ ಎಲ್‌ಇಡಿ ಒಂದು, ನೇರವಾಗಿ ಅಲ್ಲ, ಬಿಳಿ ರಟ್ಟಿಗೆ ತಾಗಿ ಕೆಳಗೆ ಬೀಳುವ ಹಾಗೆ. ಇದೆ ಅಂತ ಯಾರಿಗೂ ಗೊತ್ತಾಗಬಾರದು, ಆರಿಸಿದರೆ ಮಾತ್ರ ಏನೋ ಹೋಯಿತು ಅನ್ನಿಸಬೇಕು. ಆ ತಣ್ಣನೆಯ ಬೆಳಕು ಪಕ್ಕದಲ್ಲಿದ್ದರೆ ಒಲೆ ಇನ್ನೂ ಬೆಚ್ಚಗೆ ಕಾಣುತ್ತದೆ.

ಸ್ವಿಚ್ ಹಾಕುವಾಗ ಒಲೆಗೆ ಎರಡು ಹಾಕಿ, ಉರಿಗೆ ಒಂದು, ಕೆಂಡಕ್ಕೆ ಒಂದು. ಅಜ್ಜಿ ರಾತ್ರಿ ಅಡುಗೆ ಮುಗಿದ ಮೇಲೆ ಒಲೆಗೆ ನೀರು ಹಾಕುತ್ತಿರಲಿಲ್ಲ. ಬೆಳಗಿನ ಕಾಫಿಗೆ ಬೇಕು ಅಂತ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದಳು. ನವರಾತ್ರಿಯಲ್ಲಿ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಹೊರಟ ಮೇಲೆ ನಾನು ಶೆಟ್ಟರ ಅಂಗಡಿ ಆರಿಸುತ್ತೇನೆ, ಆಮೇಲೆ ಪಡಸಾಲೆಯ ಬಲ್ಬು, ಲಾಟೀನು, ಹಣತೆ. ಕೊನೆಗೆ ಉರಿ. ಕೆಂಡದ ಸ್ವಿಚ್ಚನ್ನು ಹಾಗೇ ಬಿಟ್ಟು ಮಲಗುತ್ತೇನೆ.